ದರಿಯಾ ದೌಲತ್: ಒಂದು ಮನೆ, ಎರಡು ತೋಟ

(ಶ್ರೀರಂಗಪಟ್ಟಣದಲ್ಲಿ ಶಾಲಾ ಮಕ್ಕಳು ಮತ್ತು ಶಿಕ್ಷಕರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಕೂತಿರುವವರಲ್ಲಿ ದರಿಯಾ ದೌಲತ್ ನೋಡದೇ ಇರುವವರು ಯಾರಾದರೂ ಇದ್ದೀರಾ? ಯಾರೂ ಕೈ ಎತ್ತಲಿಲ್ಲ. ಸಂತೋಷ. ಸರಿ, ಅಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಇದ್ದವರು? ಒಂದು, ಎರಡು... ಮೂರು ಕೈ.

ನನಗೆ ಬೇಜಾರು ಇರುವುದು ಇದೇ ವಿಷಯಕ್ಕೆ. ಮನೆಗೆ ನೆಂಟರು ಬಂದರೆ ನಾವೇ ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಝೂ. ಮಧ್ಯಾಹ್ನ ಪಟ್ಟಣ, ಅಂದರೆ ನಮ್ಮ ಶ್ರೀರಂಗಪಟ್ಟಣ. ಇಲ್ಲಿ ರಂಗನಾಥಸ್ವಾಮಿ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮ, ಹೊತ್ತಿದ್ದರೆ ನಿಮಿಷಾಂಬ. ಕತ್ತಲಾಗುವ ಹೊತ್ತಿಗೆ ಕೆಆರ್‌ಎಸ್‌ನಲ್ಲಿರಬೇಕು. ಈ ಓಟದಲ್ಲಿ ದರಿಯಾ ದೌಲತ್‌ಗೆ ಸಿಗುವುದು ಇಪ್ಪತ್ತು ನಿಮಿಷ. ಅದರಲ್ಲಿ ಐದು ನಿಮಿಷ ಟಿಕೆಟ್ ಸಾಲು, ಐದು ನಿಮಿಷ ತೋಟದಲ್ಲಿ ಫೋಟೋ. ಉಳಿದದ್ದು ಮನೆಗೆ.

ಟಿಪ್ಪು ಸುಲ್ತಾನ ಆ ಮನೆ ಕಟ್ಟಿಸಿದ್ದೇ ಬೇಸಿಗೆಯಲ್ಲಿ ಸುಮ್ನೆ ಕೂರುವುದಕ್ಕೆ. ನದಿ ಗಾಳಿಗೆ ಮೈ ಕೊಟ್ಟು ಕೂರುವುದಕ್ಕೆ. ನಾವು ಅಲ್ಲಿ ಓಡುತ್ತೇವೆ.

ನಾನು ಮೊದಲ ಸಲ ಹೋದಾಗ ಆರನೇ ಕ್ಲಾಸು. ಶಾಲೆಯ ಟೂರು. ಇಪ್ಪತ್ತೇ ನಿಮಿಷ, ಲೈನ್ ಬಿಟ್ಟರೆ ಏಟು ಅಂತ ಹೇಳಿದ್ದರು. ಎಲ್ಲರೂ ಒಬ್ಬರ ಹಿಂದೆ ಒಬ್ಬರು ನಡೆದೆವು. ಪಡುವಣದ ಗೋಡೆಯ ಹತ್ತಿರ ಬಂದಾಗ ನನಗೆ ಒಂದು ಕುದುರೆ ಕಾಣಿಸಿತು. ಸೈನ್ಯದ ಮಧ್ಯೆ ಕತ್ತು ತಿರುಗಿಸಿದ್ದ ಕುದುರೆ. ಅದರ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೈ ತಾನಾಗಿ ಮುಂದೆ ಹೋಯಿತು. ಬೆರಳು ಗೋಡೆಗೆ ತಾಗಿದ್ದೂ ಆಯಿತು. ಅಷ್ಟರಲ್ಲಿ ಕಾವಲಿನವರೊಬ್ಬರು ಬಂದು ನನ್ನ ಮಣಿಕಟ್ಟು ಹಿಡಿದರು. ಬೈಯಲಿಲ್ಲ. ಬಗ್ಗಿ, ನನ್ನ ಕಿವಿಯ ಹತ್ತಿರ ಹೇಳಿದರು: "ಮುಟ್ಬ್ಯಾಡ ಕಣವ್ವ. ನಿನ್ ಕೈ ಬೆವ್ರು ಅಂಟ್ಕತದೆ. ಇವತ್ತು ನೀನು, ನಾಳೆ ಇನ್ನೊಬ್ಳು. ಆಮ್ಯಾಕೆ ಗ್ವಾಡೆ ಇರ್ತದೆ, ಕುದ್ರೆ ಇರಕಿಲ್ಲ."

ನಾನು ಟೀಚರ್ ಆದ ಮೇಲೆ ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೇನೆ. ಪ್ರತಿ ಸಲ ಆ ಮಾತು ನೆನಪಾಗುತ್ತದೆ. ಯಾಕೆಂದರೆ ಆ ಗೋಡೆಯ ಕತೆಯೇ ಅದು. ಕುದುರೆ ಹೋಗಿದೆ, ಮತ್ತೆ ಬಂದಿದೆ. ಒಂದು ಸಲ ಅಲ್ಲ. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಗೇಟಿನಿಂದ ನಡೆಯೋಣ.

ಗೇಟು ದಾಟಿದರೆ ಉದ್ದಕ್ಕೆ ನೇರ ದಾರಿ. ಎರಡೂ ಕಡೆ ಹುಲ್ಲುಹಾಸು, ಸಾಲು ಮರ, ಕತ್ತರಿಸಿ ರೂಪ ಕೊಟ್ಟ ಗಿಡ. ದಾರಿಯ ಕೊನೆಯಲ್ಲಿ ಹಸಿರು ಪರದೆ ಇಳಿಬಿಟ್ಟ ಒಂದು ತಗ್ಗಾದ ಕಟ್ಟಡ. ಮಕ್ಕಳು ಯಾವಾಗಲೂ ಅಲ್ಲಿ ನಿಂತು ಒಂದೇ ಮಾತು ಕೇಳುತ್ತಾರೆ. "ಇಷ್ಟೇನಾ ಮಿಸ್?" ತಪ್ಪಿಲ್ಲ. ಬೆಳಿಗ್ಗೆ ತಾನೇ ಮೈಸೂರು ಅರಮನೆ ನೋಡಿರುತ್ತಾರೆ. ಅರಮನೆ ಅಂದರೆ ಗೋಪುರ ಇರಬೇಕು, ಚಿನ್ನದ ಬಣ್ಣ ಇರಬೇಕು ಅಂತ ಮನಸ್ಸಲ್ಲಿ ಕೂತಿರುತ್ತದೆ.

ನಾನು ಅವರಿಗೆ ಹೇಳುವುದು: ಅಲ್ಲೇ ನಿಲ್ಲಿ, ಇನ್ನೂ ಒಳಗೆ ಹೋಗಬೇಡಿ. ಮನೆ ಅನ್ನುವುದು ಕಟ್ಟಡ ಮಾತ್ರ ಅಲ್ಲ, ನೀವು ನಿಂತಿರುವ ಈ ನೆಲವೂ ಸೇರಿಯೇ ಮನೆ. ಹೆಸರಲ್ಲೇ ಬಾಗ್ ಇದೆ ಅಲ್ವಾ. ದರಿಯಾ ದೌಲತ್ ಬಾಗ್. ಬಾಗ್ ಅಂದರೆ ತೋಟ. ದರಿಯಾ ಅಂದರೆ ಕಡಲು, ಹೊಳೆಗೂ ಆ ಮಾತು ಬಳಸುತ್ತಾರೆ. ದೌಲತ್ ಅಂದರೆ ಸಂಪತ್ತು. ಕಾವೇರಿ ದಂಡೆಯ ತೋಟಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಈ ಶೈಲಿಯ ತೋಟಕ್ಕೆ ಚಾರ್‌ಬಾಗ್ ಅನ್ನುತ್ತಾರೆ. ನೆಲವನ್ನು ನಾಲ್ಕು ಭಾಗ ಮಾಡುವುದು, ನಡುವೆ ದಾರಿ, ನೀರು. ಪರ್ಷಿಯಾ ಕಡೆಯಿಂದ ಬಂದ ಪದ್ಧತಿ. ಮೊಗಲರು ಅದನ್ನು ಈ ದೇಶದ ಉದ್ದಗಲಕ್ಕೆ ಹಬ್ಬಿಸಿದರು. ನಮ್ಮ ಸೀಮೆಗೆ ಅದು ಬಂದ ದಾರಿ ಮಾತ್ರ ತುಂಬಾ ಹತ್ತಿರದ್ದು. ತುಮಕೂರು ಜಿಲ್ಲೆಯ ಶಿರಾ. ಅಲ್ಲಿ ಮೊಗಲರ ಸುಬೇದಾರನಾಗಿದ್ದ ದಿಲಾವರ್ ಖಾನ್ ಒಂದು ಚಂದದ ಅರಮನೆ ಕಟ್ಟಿಸಿದ್ದ, ತೋಟ ಮಾಡಿಸಿದ್ದ. ಹೈದರ್ ಮತ್ತು ಟಿಪ್ಪು ಬೆಂಗಳೂರಿನಲ್ಲೂ ಪಟ್ಟಣದಲ್ಲೂ ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿ ಅಂತ ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ಶಿರಾದಲ್ಲಿ ಆ ಅರಮನೆ ಈಗ ಇಲ್ಲ. ಮಾದರಿ ಹೋಯಿತು, ಅದನ್ನು ನೋಡಿ ಮಾಡಿದ್ದು ಉಳಿಯಿತು. ಇನ್ನೊಂದು ನಂಟೂ ಇದೆ. ದರಿಯಾ ದೌಲತ್ ಪಕ್ಕದ ಗಂಜಾಂಗೆ ಜನ ತುಂಬಿಸಲು ಟಿಪ್ಪು ಶಿರಾದಿಂದಲೇ 12,000 ಕುಟುಂಬಗಳನ್ನು ಕರೆತಂದ ಅಂತಲೂ ಅವು ಹೇಳುತ್ತವೆ. ಆ ಜನ ಇಲ್ಲಿಗೆ ಬಂದು ಈ ಮನೆ ನೋಡಿದಾಗ ತಮ್ಮೂರಿನ ಅರಮನೆ ನೆನಪಾಗಿರಬೇಕು. ಇದು ನನ್ನ ಊಹೆ ಅಷ್ಟೆ. ಆದರೆ ಆ ದಾರಿಯಲ್ಲಿ ನಡೆಯುವಾಗ ನನಗೆ ಹಾಗೆ ಅನ್ನಿಸದೇ ಇರುವುದಿಲ್ಲ.

ಈಗ ಕಾಣುವ ಹುಲ್ಲುಹಾಸು ನಂತರದ ಕಾಲದ ರುಚಿ. ಹಳೆಯ ತೋಟ ಹೇಗಿತ್ತು ಅನ್ನುವುದಕ್ಕೆ ಅದರ ಅಕ್ಕನನ್ನು ನೋಡಬೇಕು. ಹೈದರಾಲಿ 1760ರಲ್ಲಿ ಶುರು ಮಾಡಿದ ಬೆಂಗಳೂರಿನ ಲಾಲ್‌ಬಾಗ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವ ವೈದ್ಯ ಈ ಸೀಮೆಯೆಲ್ಲಾ ಸುತ್ತಿ ಕಂಡದ್ದನ್ನು ಬರೆದಿಟ್ಟ. ಬೆಂಗಳೂರಿನ ತೋಟದಲ್ಲಿ ಅವನು ಕಂಡದ್ದು ಚೌಕ ಚೌಕ ಪಾತಿಗಳು, ನಡುವೆ ದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರ. ಒಂದೊಂದು ಪಾತಿಗೆ ಒಂದೊಂದೇ ಜಾತಿ ಗಿಡ. ಒಂದು ಚೌಕದ ತುಂಬ ಬರೀ ಗುಲಾಬಿ. ಇನ್ನೊಂದರ ತುಂಬ ಬರೀ ದಾಳಿಂಬೆ. ಈಗ ಕಣ್ಣು ಮುಚ್ಚಿ ಯೋಚನೆ ಮಾಡಿ. ಒಂದು ಗದ್ದೆಯಷ್ಟು ಜಾಗದಲ್ಲಿ ಗುಲಾಬಿಯೇ ಗುಲಾಬಿ. ಅದರ ಮೇಲೆ ಹಾದು ಬರುವ ಗಾಳಿ.

ಈ ಗುಲಾಬಿಯನ್ನು ನೆನಪಿಟ್ಟುಕೊಳ್ಳಿ. ಒಳಗೆ ಮತ್ತೆ ಸಿಗುತ್ತದೆ.

ಈಗ ಮನೆ. ಕಟ್ಟಿದ್ದು 1784ರಲ್ಲಿ. ಮಂಗಳೂರು ಒಪ್ಪಂದ ಆಗಿ ಎರಡನೇ ಮೈಸೂರು ಯುದ್ಧ ಮುಗಿದದ್ದೂ ಅದೇ ವರ್ಷ. ಹೆಚ್ಚಿನ ಭಾಗ ತೇಗದ ಮರ. ಎತ್ತರದ ಜಗಲಿಯ ಮೇಲೆ ಚೌಕಾಕಾರದ ಮನೆ, ನಾಲ್ಕೂ ಕಡೆ ಅಗಲವಾದ ಪಡಸಾಲೆ, ಸಾಲು ಕಂಬ, ಕಂಬದಿಂದ ಕಂಬಕ್ಕೆ ಅಲೆ ಅಲೆಯಾದ ಕಮಾನು. ಮೆಟ್ಟಿಲುಗಳನ್ನು ಗೋಡೆಗಳ ನಡುವೆ ಅಡಗಿಸಿದ್ದಾರೆ, ಹುಡುಕಿದರೇ ಕಾಣುವುದು.

ಇದು ಬೇಸಿಗೆ ಮನೆ. ಏಪ್ರಿಲ್ ತಿಂಗಳ ಪಟ್ಟಣದ ಬಿಸಿಲು ನಿಮಗೆ ಗೊತ್ತು. ಅದಕ್ಕೆ ಮರದ ಮನೆ ಮಾಡಿರುವ ಉಪಾಯ ನೋಡಿ. ಜಗಲಿ ಎತ್ತರ, ಹಾಗಾಗಿ ನದಿ ದಂಡೆಯ ತೇವ ಮೇಲೆ ಏರುವುದಿಲ್ಲ. ಪಡಸಾಲೆ ಅಗಲ, ಹಾಗಾಗಿ ಒಳಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ. ನಾಲ್ಕೂ ದಿಕ್ಕು ತೆರೆದಿದೆ, ಹಾಗಾಗಿ ಗಾಳಿ ಯಾವ ಕಡೆಯಿಂದ ಬಂದರೂ ಹಾದು ಹೋಗುತ್ತದೆ. ನಮ್ಮ ಅಜ್ಜಿ ಮನೆಯ ಜಗಲಿಯಲ್ಲೂ ಇದೇ ಲೆಕ್ಕ ಇತ್ತು. ಕಂಬ ಚಿಕ್ಕದು, ಬಣ್ಣ ಇರಲಿಲ್ಲ, ಅಷ್ಟೆ. ಹಾಗಾಗಿ ನನಗೆ ದರಿಯಾ ದೌಲತ್ ಯಾವತ್ತೂ ಪರದೇಶದ ಕಟ್ಟಡ ಅನ್ನಿಸಿಲ್ಲ. ನಮ್ಮ ಕಡೆಯ ಪಡಸಾಲೆಯನ್ನೇ ಸುಲ್ತಾನರ ಅಳತೆಗೆ ಹಿಗ್ಗಿಸಿದ ಹಾಗಿದೆ.

ಒಳಗೆ ಕಾಲಿಟ್ಟ ತಕ್ಷಣ ಏನೂ ಕಾಣುವುದಿಲ್ಲ. ಚಿತ್ರಗಳಿಗೆ ಬಿಸಿಲು ತಾಗಬಾರದು ಅಂತ ಆ ಹಸಿರು ಪರದೆಗಳನ್ನು ಇಳಿಬಿಟ್ಟಿರುತ್ತಾರೆ. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಒಳಗೆ ಕತ್ತಲು. ಇಲ್ಲೇ ಎಲ್ಲರೂ ಸೋಲುವುದು. ಕಣ್ಣು ಹೊಂದಿಕೊಳ್ಳುವ ಮೊದಲೇ ಮುಂದಿನ ಬಾಗಿಲಿಗೆ ಹೋಗಿಬಿಡುತ್ತಾರೆ. ಐದು ನಿಮಿಷ ನಿಂತರೆ ಸಾಕು. ಗೋಡೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಮೊದಲು ಕೆಂಪು ಕಾಣುತ್ತದೆ. ಆಮೇಲೆ ಹಳದಿ, ಬಂಗಾರದ ಬಣ್ಣ. ಆಮೇಲೆ ಬಳ್ಳಿ, ಎಲೆ, ಹೂವು. ಒಂದು ಅಂಗೈ ಅಗಲ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಗೋಡೆ, ಕಮಾನು, ಕಂಬ, ಸೂರು, ಎಲ್ಲಾ ಕಡೆ ಹೂಬಳ್ಳಿ. ಹೊರಗಿನ ತೋಟ ಮನೆಯೊಳಕ್ಕೆ ನುಗ್ಗಿ ಗೋಡೆ ಹತ್ತಿದೆ ಅನ್ನಿಸುತ್ತದೆ. ಒಂದು ಮನೆ, ಎರಡು ತೋಟ ಅಂತ ನಾನು ಹೇಳುವುದು ಅದಕ್ಕೇ.

ಈಗ ಪಡುವಣದ ಗೋಡೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

1780ರ ಸೆಪ್ಟೆಂಬರ್ 10. ಕಾಂಚೀಪುರದ ಹತ್ತಿರ ಪೊಳ್ಳಿಲೂರು ಅನ್ನುವ ಹಳ್ಳಿ. ಕರ್ನಲ್ ಬೈಲಿ ಅನ್ನುವವನ ಕೈಕೆಳಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಕಾಂಚಿಯಲ್ಲೇ ಮನ್ರೋ ಅನ್ನುವ ಇನ್ನೊಬ್ಬ ಅಧಿಕಾರಿ ದೊಡ್ಡ ಪಡೆ ಇಟ್ಟುಕೊಂಡಿದ್ದ. ಹೊತ್ತಿಗೆ ಬಂದು ಸೇರಲಿಲ್ಲ. ಬೈಲಿಯ ಕಡೆಯ ಮದ್ದಿನ ಗಾಡಿಗಳು ಸಿಡಿದವು. ಸೈನ್ಯ ಚೆದುರಿತು. ಬೈಲಿ ಗಾಯಗೊಂಡು ಸೆರೆ ಸಿಕ್ಕ. ಆ ಕಾಲಕ್ಕೆ ಈ ದೇಶದಲ್ಲಿ ಇಂಗ್ಲಿಷರಿಗೆ ಆದ ತೀರಾ ದೊಡ್ಡ ಸೋಲುಗಳಲ್ಲಿ ಇದೂ ಒಂದು. ನಾಲ್ಕು ವರ್ಷದ ಮೇಲೆ ಟಿಪ್ಪು ತನ್ನ ಬೇಸಿಗೆ ಮನೆಯ ಗೋಡೆ ಮೇಲೆ ಅದನ್ನೇ ಬರೆಸಿದ.

ಮಕ್ಕಳಿಗೆ ನಾನು ಇಷ್ಟೆಲ್ಲಾ ಮೊದಲೇ ಹೇಳುವುದಿಲ್ಲ. ಸುಮ್ನೆ ಬಿಡುತ್ತೇನೆ. ಏನಾದರೂ ಒಂದು ವಸ್ತು ಹುಡುಕಿ, ಅದರ ಮುಂದೆ ಹತ್ತು ನಿಮಿಷ ನಿಲ್ಲಿ ಅನ್ನುತ್ತೇನೆ. ಒಂದು ವರ್ಷ ಒಬ್ಬ ಹುಡುಗ ಓಡಿ ಬಂದ. "ಮಿಸ್, ಪಲ್ಲಕ್ಕಿಯಲ್ಲಿ ಕೂತಿರೋನು ಉಗುರು ಕಚ್ತಾ ಇದಾನೆ!" ಅವನು ತೋರಿಸಿದ್ದು ಬೈಲಿಯನ್ನು. ಸುತ್ತ ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ನಾಲ್ಕೂ ಕಡೆಯಿಂದ ಕುದುರೆ ಸವಾರರು ಒತ್ತಿ ಬರುತ್ತಿದ್ದಾರೆ. ಮದ್ದಿನ ಗಾಡಿ ಸಿಡಿಯುತ್ತಿದೆ. ಇದರ ನಟ್ಟನಡುವೆ ಪಲ್ಲಕ್ಕಿಯಲ್ಲಿ ಗಾಯಾಳು ಬೈಲಿ, ಬೆರಳು ಬಾಯಿಯಲ್ಲಿ.

ನಮ್ಮಲ್ಲಿ ಅಚ್ಚರಿಯಾದರೆ ಮೂಗಿನ ಮೇಲೆ ಬೆರಳಿಡುತ್ತೇವೆ. ಪರ್ಷಿಯಾದ ಚಿತ್ರಗಳಲ್ಲಿ ಬೆರಳು ಬಾಯಿಗೆ ಹೋಗುತ್ತದೆ. ದಿಕ್ಕು ತೋಚದೆ ಬೆರಗಾಗಿದ್ದಾನೆ ಅನ್ನುವುದಕ್ಕೆ ಅದೇ ಗುರುತು. ಚಿತ್ರಗಾರ ಆ ಗುರುತನ್ನು ಎತ್ತಿ ಒಬ್ಬ ಬಿಳಿ ಕರ್ನಲ್‌ನ ಕೈಗೆ ಕೊಟ್ಟಿದ್ದಾನೆ. ಆ ಹುಡುಗನಿಗೆ ಇದೆಲ್ಲಾ ಗೊತ್ತಿರಲಿಲ್ಲ. ಆದರೂ ಅವನಿಗೆ ವಿಷಯ ಮುಟ್ಟಿತ್ತು. ಪರೀಕ್ಷೆ ದಿನ ತಾನೂ ಉಗುರು ಕಚ್ಚುತ್ತೇನೆ ಅಂತ ಹೇಳಿದ.

ಬೈಲಿ ಮತ್ತೆ ತನ್ನ ಊರು ನೋಡಲಿಲ್ಲ. 1782ರಲ್ಲಿ ಇದೇ ಪಟ್ಟಣದಲ್ಲಿ, ಸೆರೆಯಲ್ಲಿ ಸತ್ತ. ಈ ಮನೆ ಏಳುವ ಎರಡು ವರ್ಷ ಮೊದಲು. ಹೈದರ್, ಟಿಪ್ಪು ಸಮಾಧಿ ಇರುವ ಗುಂಬಜ್‌ಗೆ ಹೋದಾಗ ಅಲ್ಲಿ ಹತ್ತಿರದಲ್ಲೇ ಅವನ ಸ್ಮಾರಕ ಇದೆ, ಅವನ ಅಣ್ಣನೋ ತಮ್ಮನೋ ಒಬ್ಬರ ಮಗ 1816ರಲ್ಲಿ ಕಟ್ಟಿಸಿದ್ದು. ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ಗೋಡೆಯ ಮೇಲೆ ಬೆರಳು ಕಚ್ಚಿದವನನ್ನು ನೋಡಿ ಬಂದ ಮಕ್ಕಳು ಮಾತ್ರ ನಿಲ್ಲುತ್ತಾರೆ. ಒಂದು ಚಿತ್ರವನ್ನು ಹತ್ತು ನಿಮಿಷ ನೋಡಿದರೆ ಇಷ್ಟಾಗುತ್ತದೆ.

ಈಗ ಗುಲಾಬಿ. ಅದೇ ಗೋಡೆಯಲ್ಲಿ, ಅಷ್ಟು ಗದ್ದಲ, ಹೊಗೆ, ಕಡಿದ ತಲೆಗಳ ನಡುವೆ ಟಿಪ್ಪು ಇದ್ದಾನೆ. ಕೈಯಲ್ಲಿ ಕತ್ತಿ ಎತ್ತಿಲ್ಲ. ಒಂದು ಗುಲಾಬಿ ಹಿಡಿದು ಮೂಸುತ್ತಿದ್ದಾನೆ. ಸಂಜೆ ಹೊತ್ತು ತೋಟ ನೋಡಲು ಹೊರಟವನ ಹಾಗೆ ನಿರಾಳ. ರಾಜರು ಹೂವು ಮೂಸುವ ಹಾಗೆ ಬರೆಯುವುದು ಮೊಗಲರ ಕಾಲದಿಂದ ನಡೆದು ಬಂದ ರೂಢಿ. ಆದರೂ ಇಲ್ಲಿ, ಯುದ್ಧದ ಮಧ್ಯೆ ನೋಡಿದಾಗ ಬೇರೆಯೇ ಅನ್ನಿಸುತ್ತದೆ. ಅಲ್ಲಿ ಬೆರಳು ಕಚ್ಚುವವನು, ಇಲ್ಲಿ ಹೂವು ಮೂಸುವವನು. ಯಾರು ಗೆದ್ದರು, ಯಾರು ಸೋತರು ಅಂತ ಓದು ಬಾರದವರಿಗೂ ಗೊತ್ತಾಗಬೇಕು. ಎರಡು ಕೈ ಬರೆದು ಅದನ್ನು ಹೇಳಿಬಿಟ್ಟಿದ್ದಾನೆ ಚಿತ್ರಗಾರ.

ಅಲ್ಲೇ ಬರೆದಿರುವ ಹೈದರಾಬಾದಿನ ನಿಜಾಮನ ಕತೆಯನ್ನು ನೀವು ಗೈಡ್‌ಗಳ ಬಾಯಲ್ಲಿ ಕೇಳಿರುತ್ತೀರಿ. ಬರುವಾಗ ಹಸುವಿನ ಹಾಗೆ ಬಂದ, ಹೋಗುವಾಗ ಹಂದಿಯ ಹಾಗೆ ಹೋದ, ಅದಕ್ಕೇ ಅವನ ಹತ್ತಿರ ಹಸು, ಹಂದಿ ಬರೆದಿದ್ದಾರೆ ಅಂತ. ಮಕ್ಕಳಿಗೆ ಅದು ತುಂಬಾ ಇಷ್ಟ. ಕೇಳಲಿ ಬಿಡಿ.

ಮೂಡಣ ಕಡೆಯ ಗೋಡೆಗೆ ಬನ್ನಿ. ಅಲ್ಲಿ ಯುದ್ಧ ಇಲ್ಲ. ಸಾಲು ಸಾಲಾಗಿ ದರ್ಬಾರುಗಳು. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ ಬಾಲಾಜಿರಾವ್, ಚಿತ್ತೂರಿನ ರಾಣಿ. ನಮ್ಮ ಕಡೆಯವರೂ ಇದ್ದಾರೆ. ಕೃಷ್ಣರಾಜ ಒಡೆಯರ್, ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನಾನು ಅಲ್ಲೇ ನಿಂತುಬಿಟ್ಟೆ. ಹೈದರಾಲಿ ಚಿತ್ರದುರ್ಗ ಹಿಡಿದದ್ದು 1779ರಲ್ಲಿ. ಬರೀ ಐದು ವರ್ಷ ಆಗಿದೆ. ಸೋತ ಮದಕರಿಯನ್ನು ಗೆದ್ದವನ ಮಗ ತನ್ನ ಮನೆ ಗೋಡೆಯ ಮೇಲೆ ದರ್ಬಾರಿನಲ್ಲಿ, ಮರ್ಯಾದೆಯಿಂದ ಕೂರಿಸಿದ್ದಾನೆ.

ಟಿಪ್ಪು ಹೆಸರೆತ್ತಿದರೆ ಇವತ್ತು ಜಗಳ ಶುರುವಾಗುತ್ತದೆ. ನಿಮಗೂ ಗೊತ್ತು, ನನಗೂ ಗೊತ್ತು. ಮನೆಗಳಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ. ಅವನ ಕಾಲದ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಮಕ್ಕಳು ಓದಲೇಬೇಕು, ಕೇಳಲೇಬೇಕು. ನನ್ನ ಕೋರಿಕೆ ಒಂದೇ. ಈ ಎರಡು ಗೋಡೆಗಳನ್ನು ಒಂದೊಂದು ಗಂಟೆ ನೋಡಿ ಆಮೇಲೆ ಮಾತಾಡಿ. ಇಷ್ಟು ಹತ್ತಿರ ಇದ್ದುಕೊಂಡು ನೋಡದೆ ಮಾತಾಡುವುದು ನಮಗೆ ಒಪ್ಪುವ ಕೆಲಸ ಅಲ್ಲ.

ಇನ್ನು ಆ ಕಾವಲಿನವರ ಮಾತು. ಗೋಡೆ ಇರುತ್ತದೆ, ಕುದುರೆ ಇರುವುದಿಲ್ಲ.

ಪಡುವಣದ ಗೋಡೆಯ ಚಿತ್ರ 1799ರ ಮುತ್ತಿಗೆಗೆ ಮೊದಲೇ ಹಾಳಾಗಿತ್ತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಪಟ್ಟಣದ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿ ಹೆಸರಾದವನು ಇವನೇ. ಅವನು ವಾಸಕ್ಕೆ ಆರಿಸಿಕೊಂಡದ್ದು ದರಿಯಾ ದೌಲತ್. ಅವನೇ ಆ ಚಿತ್ರವನ್ನು ಮತ್ತೆ ಬರೆಸಿದ. ತನ್ನವರೇ ಸೋತ ಯುದ್ಧ ಅದು, ಮರೀಬೇಡಿ. ಅವನು ಹೋದ ಮೇಲೆ ಯಾರೋ ಸುಣ್ಣ ಬಳಿದರು. ಚಿತ್ರ ಬಹುಪಾಲು ಮಾಸಿ ಹೋಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ ಇದನ್ನು ನೋಡಿ ಮತ್ತೆ ಬರೆಸಲು ಹೇಳಿದ. ಬರೆದದ್ದು ಮೊದಲಿನ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ಈ ನೆಲದ ಒಬ್ಬ ಚಿತ್ರಗಾರ.

ಆ ಮುದುಕನ ಬಗ್ಗೆ ನಾನು ತುಂಬಾ ಯೋಚನೆ ಮಾಡಿದ್ದೇನೆ. ಮುದುಕನೇ ಇರಬೇಕು ಅಲ್ವಾ? ಸುಣ್ಣದ ಬಿಳಿ ಗೋಡೆ ಮುಂದೆ ನಿಂತಿದ್ದಾನೆ. ಇಲ್ಲಿ ಪಲ್ಲಕ್ಕಿ ಇತ್ತು, ಇಲ್ಲಿ ಹೊಗೆ ಇತ್ತು, ಇಲ್ಲೊಂದು ಕುದುರೆ ಕತ್ತು ತಿರುಗಿಸಿತ್ತು ಅಂತ ನೆನಪು ಮಾಡಿಕೊಳ್ಳುತ್ತಿದ್ದಾನೆ. ನಾವು ಇವತ್ತು ನೋಡುವುದು 1784ರ ಬಣ್ಣ ಮಾತ್ರ ಅಲ್ಲ, ಆ ನೆನಪನ್ನೂ ನೋಡುತ್ತೇವೆ. ಕೆಲವರು ಇದನ್ನು ಕೇಳಿ, ಹಾಗಾದರೆ ಅದು ಅಸಲಿ ಅಲ್ಲವಲ್ಲ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಳಿಸಿ ಹೋದದ್ದನ್ನು ಬೇಕು ಅಂತ ಮತ್ತೆ ಬರೆದರಲ್ಲ, ಅದಕ್ಕೇ ಅದು ಇನ್ನೂ ಜಾಸ್ತಿ ನಮ್ಮದು.

ಉಳಿಯದೇ ಹೋದದ್ದನ್ನೂ ಹೇಳಬೇಕು. ಕೋಟೆಯೊಳಗೆ, ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹತ್ತಿರದಲ್ಲೇ, ಟಿಪ್ಪುವಿನ ದೊಡ್ಡ ಅರಮನೆ ಇತ್ತು. ಲಾಲ್ ಮಹಲ್. ಅದನ್ನು ಕೆಡವಿದರು. ಅದರ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋದವು. ಅಲ್ಲಿ 1829ರಲ್ಲಿ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿಗೆ ಪಟ್ಟಣದ ಮರ ಸೇರಿದೆ. ಊಟಿಗೆ ಹೋದಾಗ ಬರೀ ಬೊಟಾನಿಕಲ್ ಗಾರ್ಡನ್ ನೋಡಿ ಬರಬೇಡಿ. ಆ ಚರ್ಚಿನೊಳಗೆ ಹೋಗಿ ತಲೆ ಎತ್ತಿ ನೋಡಿ, ನಮ್ಮೂರಿನ ಮರ ಅದು.

ತೋಟಗಳ ಕತೆಯೂ ಹಾಗೇ. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ರಾತ್ರಿ ಹೊತ್ತು ನುಗ್ಗಿ ಈ ದ್ವೀಪದೊಳಗೆ ಕಾಲಿಟ್ಟಿತು. ಗುಂಬಜ್ ಇರುವ ತೋಟ ಇದೆಯಲ್ಲ, ಅದಕ್ಕೂ ಲಾಲ್‌ಬಾಗ್ ಅಂತಲೇ ಹೆಸರು. ಅಲ್ಲಿ ಸಾಲಾಗಿ ಬೆಳೆಸಿದ್ದ ಸೈಪ್ರೆಸ್ ಮರಗಳನ್ನು ಕಡಿದರು. ಕೋಟೆಗೆ ಮುತ್ತಿಗೆ ಹಾಕಲು ಕೊಂಬೆಗಳ ಕಟ್ಟು, ಮಣ್ಣು ತುಂಬುವ ಬುಟ್ಟಿ ಬೇಕಿತ್ತು, ಅದಕ್ಕೆ. ತೋಟದ ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರು. ಒಂದು ಮರ ಬೆಳೆಯಲು ಎಷ್ಟು ವರ್ಷ ಬೇಕು ಅಂತ ನಾವು ಬೇಸಾಯದ ಮನೆಯವರಿಗೆ ಯಾರೂ ಹೇಳಬೇಕಿಲ್ಲ. ಕಡಿಯಲು ಒಂದು ವಾರ ಸಾಕಾಯಿತು.

ಆ ಮುತ್ತಿಗೆ ಒಪ್ಪಂದದಲ್ಲಿ ಮುಗಿಯಿತು. ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಹಣ ಸಲ್ಲುವವರೆಗೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಇಂಗ್ಲಿಷರು ಕರೆದುಕೊಂಡು ಹೋದರು. ಅವರು ವಾಪಸು ಬಂದದ್ದು 1794ರಲ್ಲಿ. ಮ್ಯೂಸಿಯಂ ಅಂತ 1959ರಲ್ಲಿ ಮಾಡಿದ ಮೇಲೆ ಈ ಮನೆಯಲ್ಲಿ ನಾಣ್ಯ, ಪದಕ, ನಕ್ಷೆ, ಮುತ್ತಿಗೆಯ ಚಿತ್ರಗಳನ್ನು ಜೋಡಿಸಿ ಇಟ್ಟಿದ್ದಾರೆ. ಅವುಗಳ ನಡುವೆ ಥಾಮಸ್ ಹಿಕಿ ಅನ್ನುವವನು ಬರೆದ ಟಿಪ್ಪು ಮಕ್ಕಳ ಮುಖಗಳಿವೆ. ದೊಡ್ಡ ತೈಲಚಿತ್ರಗಳ ಮುಂದೆ ಜನ ಗುಂಪು ಕಟ್ಟುತ್ತಾರೆ. ನೀವು ಆ ಮಕ್ಕಳ ಮುಂದೆ ನಿಲ್ಲಿ. ಅಪ್ಪ ಸತ್ತ ಮೇಲೆ ಅವರನ್ನು ವೆಲ್ಲೂರಿಗೆ ಕಳಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ದೂರದ ಕಲ್ಕತ್ತೆಗೆ. ಕಾವೇರಿ ಗಾಳಿ ಅವರಿಗೆ ಮತ್ತೆ ಸಿಗಲಿಲ್ಲ. ಒಬ್ಬ ಹುಡುಗಿ ಒಂದು ಸಲ ಆ ಚಿತ್ರಗಳನ್ನು ನೋಡಿ, "ಇವರು ಆಟ ಆಡ್ತಿದ್ದದ್ದು ಈ ತೋಟದಲ್ಲೇನಾ ಮಿಸ್?" ಅಂತ ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡು ಹೊರಗೆ ಕರೆದುಕೊಂಡು ಬಂದೆ. ಇಬ್ಬರೂ ಸ್ವಲ್ಪ ಹೊತ್ತು ಜಗಲಿಯ ಅಂಚಿನಲ್ಲಿ ನಿಂತು ತೋಟ ನೋಡಿದೆವು.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಟೂರಿಸ್ಟ್ ಬಸ್ಸುಗಳು ಬರುವುದು ಆಮೇಲೆ. ಆ ಹೊತ್ತಿನಲ್ಲಿ ಮಾಲಿಗಳು ತೋಟದಲ್ಲಿರುತ್ತಾರೆ. ನಾನು ಹೋದಾಗಲೆಲ್ಲಾ ಅವರನ್ನು ಮಾತಾಡಿಸುತ್ತೇನೆ. ಕಳೆದ ಸಲ ಒಬ್ಬರು ಗಿಡದ ಬುಡ ಬಿಡಿಸುತ್ತಾ ಕುಕ್ಕರಗಾಲಲ್ಲಿ ಕೂತಿದ್ದರು. ಕಳೆ ಕಿತ್ತು ಒಂದು ಕಡೆ ಗುಡ್ಡೆ ಹಾಕಿದ್ದರು. ಮಣ್ಣನ್ನು ಬೆರಳಲ್ಲೇ ಪುಡಿ ಮಾಡಿ ಮತ್ತೆ ಬುಡಕ್ಕೆ ಸೇರಿಸುತ್ತಿದ್ದರು. ಎಷ್ಟು ವರ್ಷದಿಂದ ಈ ಕೆಲಸ ಅಂತ ಕೇಳಿದೆ. "ಲೆಕ್ಕ ಇಟ್ಟಿಲ್ಲ ಕಣಮ್ಮ, ಆ ಮರ ನನ್ನ ಮೊಣಕಾಲುದ್ದ ಇತ್ತು" ಅಂತ ತಲೆ ಎತ್ತಿ ತೋರಿಸಿದರು. ನಾನೂ ತಲೆ ಎತ್ತಿದೆ. ಮರ ನಮ್ಮಿಬ್ಬರಿಗಿಂತ ಎಷ್ಟೋ ಪಾಲು ಎತ್ತರ ಇತ್ತು.

ಮನೆಯೊಳಗೆ ಫೋಟೋ ತೆಗೆಯುವ ಹಾಗಿಲ್ಲ. ಮಕ್ಕಳು ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಅದೇ ಒಳ್ಳೆಯದು ಅನ್ನಿಸುತ್ತದೆ. ಫೋನು ಜೇಬಿಗೆ ಹೋದರೆ ಕಣ್ಣು ಕೆಲಸ ಮಾಡುತ್ತದೆ. ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ ಇಟ್ಟುಕೊಳ್ಳಿ. ಹೊರಗೆ ಬಂದು ಮರದ ಕೆಳಗೆ ಕೂತು, ನೆನಪಿದ್ದದ್ದನ್ನು ಬರೆಯಿರಿ. ಚಂದ ಬರಬೇಕು ಅಂತೇನಿಲ್ಲ. ಒಂದು ಕಮಾನು, ಒಂದು ಎಲೆ, ಬೈಲಿಯ ಬೆರಳು, ಯಾವುದಾದರೂ ಸರಿ. ಆ ಮುದುಕ ಚಿತ್ರಗಾರನೂ ನೆನಪಿನಿಂದಲೇ ಬರೆದದ್ದು.

ಬರುವ ಶನಿವಾರ ಬೆಳಿಗ್ಗೆ ನಾನು ಅಲ್ಲಿರುತ್ತೇನೆ. ಬರುವ ಮಕ್ಕಳು ಟಿಕೆಟ್ ಕೌಂಟರ್ ಹತ್ತಿರ ಸೇರಿ. ತಿಂಡಿ ತಿಂದುಕೊಂಡು ಬನ್ನಿ, ಮಧ್ಯಾಹ್ನದವರೆಗೂ ಅಲ್ಲೇ ಇರೋಣ. ಬೇರೆಲ್ಲೂ ಹೋಗುವುದಿಲ್ಲ. ಮೊದಲು ತೋಟ, ಆಮೇಲೆ ಜಗಲಿಯ ಸುತ್ತ ಒಂದು ಸುತ್ತು, ಆಮೇಲೆ ಒಳಗೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನನ್ನ ಕುದುರೆ ಎಲ್ಲಿದೆ ಅಂತ ತೋರಿಸುತ್ತೇನೆ. ಕೈ ಮಾತ್ರ ಹಿಂದೆ ಕಟ್ಟಿಕೊಂಡು ಬನ್ನಿ.